ಒಂಬತ್ತು ಸೆಕೆಂಡಿನ ಸೊಸೆ

ಮಾನ್ಯ ಕುಂದುಕೊರತೆ ಅಧಿಕಾರಿಗಳೇ,

ಏಳು ತಿಂಗಳಿಂದ ನಿಮ್ಮ ಜಾಲತಾಣದಲ್ಲಿ ನಾನು ನನ್ನ ಅಪ್ಪನ ಹೆಣದ ಪಕ್ಕ ಕೂತು ನಗುತ್ತಿದ್ದೇನೆ. ಒಂಬತ್ತು ಸೆಕೆಂಡು ನಗುತ್ತೇನೆ, ಮುಗಿದ ತಕ್ಷಣ ಮತ್ತೆ ಮೊದಲಿನಿಂದ ನಗುತ್ತೇನೆ. ಕಳೆದ ವಾರ ನೋಡಿದಾಗ ನಲವತ್ತೊಂದು ಲಕ್ಷ ಸಲ ನಕ್ಕಿದ್ದೆ. ದಯವಿಟ್ಟು ನನ್ನನ್ನು ಅಲ್ಲಿಂದ ಎಬ್ಬಿಸಿ ಎಂದು ಆರು ಬಾರಿ ದೂರು ಕೊಟ್ಟಿದ್ದೇನೆ. ಆರು ಬಾರಿಯೂ ತಾವು, ಅಥವಾ ತಮ್ಮ ಹೆಸರಿನಲ್ಲಿ ಉತ್ತರ ಬರೆಯುವ ಯಂತ್ರವು, 'ಸದರಿ ವಿಡಿಯೊ ನಮ್ಮ ಸಮುದಾಯದ ಮಾನದಂಡಗಳನ್ನು ಉಲ್ಲಂಘಿಸಿರುವುದಿಲ್ಲ' ಎಂದು ತಿಳಿಸಿ, ಕೆಳಗೆ 'ಈ ಉತ್ತರದಿಂದ ನಿಮಗೆ ಸಹಾಯವಾಯಿತೇ?' ಎಂದು ಐದು ನಕ್ಷತ್ರಗಳನ್ನು ಜೋಡಿಸಿಟ್ಟಿದ್ದೀರಿ. ಇಲ್ಲ, ಆಗಲಿಲ್ಲ. ನಕ್ಷತ್ರ ಒತ್ತಲು ಮನಸ್ಸಾಗದೆ ಈ ಪತ್ರವನ್ನು ಕಾಗದದ ಮೇಲೆ ಅಚ್ಚಾಗುವ ಪತ್ರಿಕೆಗೆ ಕೊಡುತ್ತಿದ್ದೇನೆ. ಪತ್ರಿಕೆಯಲ್ಲಾದರೆ ನನ್ನ ಮಾತಿನ ಕೆಳಗೆ ನನ್ನದೇ ನಗುವ ಮುಖವನ್ನು ತಂದು ಅಂಟಿಸುವವರು ಇರುವುದಿಲ್ಲ.

ತಾವು ಗಂಡಸೋ ಹೆಂಗಸೋ, ಒಬ್ಬರೋ ನೂರು ಜನರೋ ನನಗೆ ತಿಳಿಯದು. ತಮ್ಮ ಹುದ್ದೆಯ ಹೆಸರು ಮಾತ್ರ ಗೊತ್ತು. ಕುಂದಿಗೂ ಕೊರತೆಗೂ ಅಧಿಕಾರಿಯಾಗಿ ಕೂತವರ ಕಣ್ಣಿಗೆ ಎರಡರಲ್ಲಿ ಒಂದೂ ಬೀಳುವುದಿಲ್ಲವೆಂದರೆ ಅದು ಅಧಿಕಾರದ ಮಹಿಮೆಯೇ ಇರಬೇಕು. ಇರಲಿ. ನನ್ನ ಪರಿಚಯವಾದರೂ ಆಗಲಿ.

ನಾನು ಕಿವಿ ಪರೀಕ್ಷೆ ಮಾಡುವವಳು. ಒಂದು ಆಸ್ಪತ್ರೆಯ ಎರಡನೇ ಮಹಡಿ, ಮೆಟ್ಟಿಲು ಹತ್ತಿದ ತಕ್ಷಣ ಎಡಗಡೆ, ಹತ್ತೊಂಬತ್ತು ವರ್ಷಗಳಿಂದ ಅದೇ ಕುರ್ಚಿ. ಕುರ್ಚಿಯ ಎದುರು ಶಬ್ದ ತೂರದ ಒಂದು ಪುಟ್ಟ ಕೋಣೆ, ಅದಕ್ಕೆ ಗೇಣು ದಪ್ಪದ ಬಾಗಿಲು, ನಮ್ಮಿಬ್ಬರ ನಡುವೆ ಗಾಜಿನ ಕಿಟಕಿ. ಕಿವಿ ಮಂದವಾದವರು ಒಳಗೆ ಕೂತು ಹೆಡ್‌ಫೋನ್ ಹಾಕಿಕೊಂಡು, ಶಬ್ದ ಕೇಳಿದಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ನಾನು ಹೊರಗೆ ಕೂತು ಶಬ್ದವನ್ನು ಇಳಿಸುತ್ತಾ ಹೋಗುತ್ತೇನೆ. ಈ ಕೆಲಸದಲ್ಲಿ ಮೊದಲು ಕಲಿಸುವ ಪಾಠವೇ ಮುಖ ಅಲುಗಿಸಬಾರದು ಎನ್ನುವುದು. ನಾನು ಹುಬ್ಬು ಏರಿಸಿದರೆ ಸಾಕು, ಗಾಜಿನಾಚೆ ಇರುವವರು 'ಓ, ಈಗ ಬಂತು ಅಂತ ಕಾಣುತ್ತೆ' ಎಂದು ಒತ್ತಿಬಿಡುತ್ತಾರೆ. ಆಗ ಅವರ ಕಿವಿಯ ಬದಲು ನನ್ನ ಹುಬ್ಬಿನ ಪರೀಕ್ಷೆಯಾದಂತೆ. ತಮ್ಮ ಸಮುದಾಯವು 'ಹಲ್ಲು ಕಿರಿಯುವ ಸೊಸೆ' ಎಂದು ನಾಮಕರಣ ಮಾಡಿರುವ ನಾನು ಸಂಬಳ ಎಣಿಸಿಕೊಳ್ಳುವುದೇ ನಗದೆ ಇರುವುದಕ್ಕೆ ಎಂಬುದು ತಮ್ಮ ಗಮನಕ್ಕೆ ಬರಲಿ.

ಇನ್ನು ನನ್ನ ಅಪ್ಪ. ಅಚ್ಚುಕೂಟದಲ್ಲಿ ಮೂವತ್ತಾರು ವರ್ಷ ಯಂತ್ರದ ಪಕ್ಕ ನಿಂತು ಎರಡೂ ಕಿವಿಗಳನ್ನು ಅದಕ್ಕೇ ಒಪ್ಪಿಸಿ ಬಂದವರು. ಅಮ್ಮ ಇದ್ದಾಗ "ಹಾಲು ಉಕ್ತು" ಎಂದು ಕೂಗಿದರೆ, "ಕಾಲು ಉಳುಕ್ತಾ? ಯಾರ್ದು?" ಎಂದು ಗಾಬರಿಯಿಂದ ಓಡಿ ಬರುತ್ತಿದ್ದರು. "ಒಂದು ಮೊಳೆ ತನ್ನಿ" ಎಂದರೆ ಮಳೆ ಬಂತೆಂದು ಒಣಗಿದ ಬಟ್ಟೆಯನ್ನೆಲ್ಲ ತಬ್ಬಿಕೊಂಡು ಒಳಗೆ ತಂದು ಹಾಕುತ್ತಿದ್ದರು. ಅವರ ಕಿವಿಗೆ ಯಂತ್ರ ಅಳವಡಿಸಿದವಳು ನಾನೇ. ಆದರೆ ಅಪ್ಪನ ಹಟ ದೊಡ್ಡದು. ಹನ್ನೊಂದು ವರ್ಷ ಅದರ ಶಬ್ದವನ್ನು ಪೂರ್ತಿ ಏರಿಸಿಯೇ ಇಟ್ಟರು. ಹಾಗೆ ಇಟ್ಟರೆ ಯಾರಾದರೂ ಹತ್ತಿರ ಬಂದಾಗ, ತಬ್ಬಿಕೊಂಡಾಗ, ದಿಂಬಿಗೆ ತಲೆಯಿಟ್ಟಾಗ ಅದು ಕುಂಯ್ ಎಂದು ಸಿಳ್ಳೆ ಹಾಕುತ್ತದೆ. ನಮಗೆಲ್ಲ ಕೇಳುತ್ತದೆ, ಹಾಕಿಕೊಂಡವರಿಗೆ ಮಾತ್ರ ಕೇಳುವುದಿಲ್ಲ. ಹಾಗಾಗಿ "ಅಪ್ಪಾ, ಕಮ್ಮಿ ಮಾಡು" ಎನ್ನುವುದು ನಮ್ಮ ಮನೆಯಲ್ಲಿ ಉಸಿರಾಟದಷ್ಟೇ ಮಾಮೂಲಿ ಮಾತಾಗಿತ್ತು.

ಅಪ್ಪ ಕೊನೆಯ ವರ್ಷಗಳಲ್ಲಿ ಅಕ್ಕನ ಮನೆಯಲ್ಲಿದ್ದರು. ಒಂದು ಬೆಳಿಗ್ಗೆ ತಿಂಡಿ ಮುಗಿಸಿ, ಕುರ್ಚಿಯಲ್ಲಿ ಕೂತು, ಪೇಪರು ಓದುತ್ತಾ ಓದುತ್ತಾ ಹೊರಟುಹೋದರು. ಹನ್ನೊಂದು ಗಂಟೆಯ ಹೊತ್ತಿಗೆ ಮುಂದಿನ ಕೋಣೆ ತುಂಬಿತ್ತು. ಮಂಚದ ಮೇಲೆ ಅಪ್ಪ, ಎದೆಯವರೆಗೆ ಬಿಳಿ ಹೊದಿಕೆ. ತಲೆಯ ಬಳಿ ಒಂದು ಸ್ಟೂಲಿನ ಮೇಲೆ ನಾನು, ಕಾಲ ಬಳಿ ಅಕ್ಕ. ಅಪ್ಪನ ತಮ್ಮ, ಅಂದರೆ ನಮ್ಮ ಚಿಕ್ಕಪ್ಪ, ಸೊಂಟ ಮುರಿದುಕೊಂಡು ಬೇರೆ ಊರಿನ ಆಸ್ಪತ್ರೆಯಲ್ಲಿ ಮಲಗಿದ್ದರು. ಅಣ್ಣನ ಮುಖ ಕೊನೆಯ ಸಲ ನೋಡಬೇಕು ಎಂದು ಫೋನಿನಲ್ಲಿ ಮಗುವಿನ ಹಾಗೆ ಅತ್ತಿದ್ದರು. ಅವರಿಗಾಗಿ ಅಕ್ಕನ ಮಗಳು ಬಾಗಿಲ ಪಕ್ಕ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದಳು. ಅವಳನ್ನು ನಾವು ಬುಗುರಿ ಎನ್ನುತ್ತೇವೆ. ಹುಟ್ಟಿದಾಗಿನಿಂದ ಒಂದು ಕಡೆ ನಿಂತವಳಲ್ಲ. ಅವತ್ತು ತಾತನಿಗಾಗಿ ನಾಲ್ಕು ನಿಮಿಷ ಅಲುಗದೆ ನಿಂತಿದ್ದಳು.

ಆಗ ಸೋದರತ್ತೆ ಬಂದರು. ಎಂಬತ್ತು ದಾಟಿದ ಜೀವ, ಅಪ್ಪನಿಗೆ ಒಬ್ಬಳೇ ಅಕ್ಕ. ಇಬ್ಬರ ಹೆಗಲು ಹಿಡಿದು ಮಂಚದ ತನಕ ನಡೆದು, ಬಗ್ಗಿ ತಮ್ಮನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಕೆನ್ನೆಗೆ ಕೆನ್ನೆ ಒತ್ತಿದರು. ಕೋಣೆಯಲ್ಲಿ ಕುಂಯ್ ಎಂದು ಸಿಳ್ಳೆ ಕೇಳಿತು.

ಕಿವಿಯ ಯಂತ್ರ. ಕೂದಲ ಮರೆಯಲ್ಲಿ ಹಾಗೇ ಉಳಿದಿತ್ತು. ತೆಗೆಯಬೇಕಾದವಳು ನಾನು, ದಿನಾ ಹತ್ತು ಜನಕ್ಕೆ ಹಾಕಿ ತೆಗೆಯುವವಳು ನಾನು, ನನಗೇ ಮರೆತುಹೋಗಿತ್ತು. ಎಲ್ಲರೂ ಕಲ್ಲಾದರು. ಅಳು ಅರ್ಧಕ್ಕೆ ನಿಂತಿತು. ಅಕ್ಕ ಕಣ್ಣೊರೆಸಿಕೊಳ್ಳುತ್ತಾ, ತಲೆ ಕೂಡ ಎತ್ತದೆ, ಹನ್ನೊಂದು ವರ್ಷದ ಅಭ್ಯಾಸದಂತೆ ಹೇಳಿದಳು: "ಅಪ್ಪಾ, ಸ್ವಲ್ಪ ಕಮ್ಮಿ ಮಾಡು."

ಸೋದರತ್ತೆ ಬಗ್ಗಿದಲ್ಲಿಂದಲೇ ತಮ್ಮನ ಮುಖ ನೋಡಿ, "ಮಾಡ್ತಾನೇನೇ ಇವ್ನು? ಬದುಕಿದ್ದಾಗ್ಲೇ ಮಾಡ್ಲಿಲ್ಲ!" ಎಂದರು.

ನಾನು ನಕ್ಕೆ. ತಡೆಯಲಾಗಲಿಲ್ಲ. ಹೊಟ್ಟೆಯಿಂದ ಎದ್ದು ಬಂದ ನಗು ಅದು, ತಲೆ ಹಿಂದಕ್ಕೆ ಹೋಯಿತು, ಬಾಯಿ ಪೂರ್ತಿ ತೆರೆಯಿತು. ಅಕ್ಕ ನಕ್ಕಳು. ಅತ್ತೆ ಅಪ್ಪನ ಎದೆಯ ಮೇಲೆ ಹಣೆಯಿಟ್ಟು ಮೈ ಕುಲುಕಿಸಿ ನಕ್ಕರು. ಬಾಗಿಲಲ್ಲಿದ್ದ ಬುಗುರಿ ಮೊಬೈಲು ಇಳಿಸದೆಯೇ ನಕ್ಕಳು. ಆ ಕೋಣೆಯಲ್ಲಿ ಅಪ್ಪನನ್ನು ಬಲ್ಲವರೆಲ್ಲ ನಕ್ಕರು, ಏಕೆಂದರೆ ಆ ಕ್ಷಣ ಅಪ್ಪ ಅಲ್ಲಿಯೇ ಇದ್ದರು, ಹಟಮಾರಿಯಾಗಿ, ಏನೂ ಕೇಳಿಸಿಕೊಳ್ಳದೆ. ಆಮೇಲೆ ನಾನು ಯಂತ್ರ ತೆಗೆಯಲು ಕೈ ಹಾಕಿದೆ. ಕಿವಿ ತಣ್ಣಗಿತ್ತು. ಹತ್ತನೆಯ ಸೆಕೆಂಡಿಗೆ ನಾನು ಅಳತೊಡಗಿದೆ. ಮುಂದಿನ ಮೂರು ನಿಮಿಷ ನಾನು ಅಳುವುದೇ ಆ ವಿಡಿಯೊದಲ್ಲಿದೆ.

ಬುಗುರಿ ಅದನ್ನು ಚಿಕ್ಕಪ್ಪನಿಗಾಗಿ ಮನೆಯವರ ಗುಂಪಿಗೆ ಕಳಿಸಿದಳು. 'ಹೋಗುವಾಗಲೂ ತಾತ ನಗಿಸಿ ಹೋದರು' ಎಂದು ಬರೆದಿದ್ದಳು. ಆ ಗುಂಪಿನಲ್ಲಿ ನಲವತ್ತಮೂರು ಜನ. ಅವರಲ್ಲಿ ಒಬ್ಬರು, ಯಾರೆಂದು ಇವತ್ತಿಗೂ ತಿಳಿಯದು, ನಾಲ್ಕು ನಿಮಿಷ ಹನ್ನೆರಡು ಸೆಕೆಂಡಿನಿಂದ ಒಂಬತ್ತು ಸೆಕೆಂಡನ್ನು ಕತ್ತರಿಸಿದರು. ಎಡಗಡೆ ನಗುತ್ತಿದ್ದ ಅಕ್ಕನನ್ನೂ ಬಲಗಡೆ ನಗುತ್ತಿದ್ದ ಅತ್ತೆಯನ್ನೂ ಕತ್ತರಿಸಿದರು. ಸಿಳ್ಳೆಯನ್ನು ಅಳಿಸಿ ಕುಣಿತದ ಹಾಡು ಸೇರಿಸಿದರು. ಮೇಲೆ ಬರೆದರು: 'ಮಾವ ಹೋದ, ಕಾಟ ತಪ್ಪಿತು! ಸೊಸೆಯ ಖುಷಿ ನೋಡಿ.'

ಸೊಸೆ ಯಾಕೆ, ಅಧಿಕಾರಿಗಳೇ? ನಾನು ಮಗಳು. ಮಗಳು ಎಂದು ಬರೆದಿದ್ದರೆ ಜನ ಒಂದು ಗಳಿಗೆ ಯೋಚಿಸುತ್ತಿದ್ದರೇನೋ, ಪಾಪ, ಯಾಕೆ ನಕ್ಕಳೋ ಎಂದು. ಸೊಸೆ ಎಂದರೆ ಯೋಚಿಸುವ ಕಷ್ಟವಿಲ್ಲ. ತೀರ್ಪು ಮೊದಲೇ ತಯಾರಾಗಿರುತ್ತದೆ, ಮುಖ ಸಿಗುವುದಷ್ಟೇ ಬಾಕಿ. ತಮ್ಮ ವೇದಿಕೆಯಲ್ಲಿ ಆ ತಯಾರಾದ ತೀರ್ಪಿಗೆ ನನ್ನ ಮುಖ ಸಿಕ್ಕಿತು. 'ಇಂಥವಳಿಗೆ ಇಂಥದೇ ಸೊಸೆ ಬರಲಿ' ಎಂದು ಹರಸಿದವರು ಎಷ್ಟು ಸಾವಿರ! ನನ್ನ ನಿಜವಾದ ಮಾವ ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ತಮ್ಮದೇ ಸಾವಿನ ಸುದ್ದಿಯನ್ನು ಅವರು ಮೊಬೈಲಿನಲ್ಲಿ ನೋಡಿ, ನನಗೆ ಫೋನು ಮಾಡಿ, "ಏನಮ್ಮಾ, ನಾನು ಹೋಗಿದ್ದು ಅಷ್ಟು ಖುಷಿನಾ?" ಎಂದು ಕೇಳಿದರು. ತಮಾಷೆಗೆ ಕೇಳಿದ್ದು. ನಾನು ಫೋನನ್ನು ಗಂಡನ ಕೈಗೆ ಕೊಟ್ಟೆ.

ಹದಿನೈದು ದಿನದಲ್ಲಿ ನನ್ನ ಮುಖ ಸ್ಟಿಕರ್ ಆಯಿತು. ಕಚೇರಿಗೆ ರಜೆ ಸಿಕ್ಕರೆ ನನ್ನ ಮುಖ, ಎದುರಾಳಿ ತಂಡ ಸೋತರೆ ನನ್ನ ಮುಖ, ಪಕ್ಕದ ಮನೆಯವರು ಖಾಲಿ ಮಾಡಿದರೆ ನನ್ನ ಮುಖ. ಕಳಿಸುವವರಿಗೆ ನನ್ನ ಮೇಲೆ ದ್ವೇಷವೇನಿಲ್ಲ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿದ್ದು. ಬೈದವರ ಜೊತೆ ಜಗಳವಾಡಬಹುದು. ಬೈಯದೆ, ಯೋಚಿಸದೆ, ಹೆಬ್ಬೆರಳ ತುದಿಯಲ್ಲಿ ನನ್ನನ್ನು ಅತ್ತಿಂದಿತ್ತ ಎಸೆಯುವವರ ಜೊತೆ ಏನು ಮಾಡಲಿ?

ನಂತರ ಅದು ನನ್ನ ಗಾಜಿನ ಕಿಟಕಿಗೆ ಬಂತು. ಒಬ್ಬ ಯುವಕ ಒಳಗೆ ಕೂತು, ನನ್ನ ಮುಖ ನೋಡಿ, ಹೆಡ್‌ಫೋನ್ ತೆಗೆದು, "ನೀವು ಅವ್ರೇ ಅಲ್ವಾ?" ಎಂದ. ಅಲ್ಲ ಎಂದೆ. ಅವನು ಪರೀಕ್ಷೆಯುದ್ದಕ್ಕೂ ಕಿಸಕಿಸ ನಗುತ್ತಾ ಸುಮ್ಮಸುಮ್ಮನೆ ಗುಂಡಿ ಒತ್ತಿದ. ಅವನ ಕಿವಿಯ ನಕ್ಷೆ ಹುಚ್ಚು ಬರವಣಿಗೆಯಂತೆ ಬಂತು. ಮಗುವನ್ನು ಕರೆತಂದ ಒಬ್ಬ ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬೇರೆ ಯಾರಾದ್ರೂ ಮಾಡ್ತಾರಾ ಟೆಸ್ಟು?" ಎಂದು ಕೇಳಿದರು. ಮರುದಿನದಿಂದ ಮುಖಗವಸು ಹಾಕಿಕೊಂಡು ಕೂತೆ. ಎರಡು ದಿನ ಸುಖವಾಗಿದ್ದೆ. ಮೂರನೇ ದಿನ ಒಬ್ಬ ವಯಸ್ಸಾದ ದರ್ಜಿ ಬಂದರು. ನಾನು ಮೂರು ಸಲ ಹೇಳಿದ್ದೂ ಅವರಿಗೆ ತಿಳಿಯಲಿಲ್ಲ. ಕೊನೆಗೆ ಕೈ ಮುಗಿದು, "ಅದನ್ನ ತೆಗೀರಮ್ಮ. ನಿಮ್ಮ ಬಾಯಿ ಕಾಣ್ದಿದ್ರೆ ನಂಗೇನೂ ಕೇಳ್ಸಲ್ಲ" ಎಂದರು. ಕಿವಿ ಕೇಳದವರು ತುಟಿ ನೋಡಿ ಮಾತು ತಿಳಿಯುತ್ತಾರೆ. ಮುಖ ಮುಚ್ಚಿದರೆ ನನ್ನ ಕೆಲಸ ಇಲ್ಲ, ತೆರೆದರೆ ನಾನು ಇಲ್ಲ. ನಮ್ಮ ದೊಡ್ಡ ಡಾಕ್ಟರು ಒಳ್ಳೆಯವರು. ಬೈಯಲಿಲ್ಲ. "ಸ್ವಲ್ಪ ದಿನ ಹಿಂದಿನ ರೂಮಲ್ಲಿರಿ, ತಣ್ಣಗಾಗ್ಲಿ" ಎಂದರು. ಹಿಂದಿನ ಕೋಣೆಯಲ್ಲಿ ಕಿಟಕಿಯಿಲ್ಲ. ಅಲ್ಲಿ ನಾನು ಬೇರೆಯವರ ಕಿವಿಯಲ್ಲಿ ಯಂತ್ರ ಕೂರಿಸುವ ಅಚ್ಚುಗಳನ್ನು ಉಜ್ಜಿ ನಯ ಮಾಡುತ್ತಾ ನಾಲ್ಕೂವರೆ ತಿಂಗಳು ಕೂತೆ.

ಈ ನಡುವೆ ತಮ್ಮ ಬಾಗಿಲು ತಟ್ಟಿದೆ. ದೂರು ಕೊಡಲು ಮೊದಲು ಖಾತೆ ತೆರೆಯಬೇಕು ಎಂದಿರಿ. ಅಂದರೆ, ಮನೆಗೆ ಬೆಂಕಿ ಬಿದ್ದವಳು ಬೆಂಕಿ ಹಚ್ಚಿದವರ ಸಂಘಕ್ಕೆ ಸದಸ್ಯಳಾಗಬೇಕು. ಆದೆ. ತೆರೆದ ತಕ್ಷಣ 'ನಿಮಗೆ ಇಷ್ಟವಾಗಬಹುದು' ಎಂದು ತಾವು ಮೊದಲು ತೋರಿಸಿದ್ದೇ ನನ್ನ ನಗುವನ್ನು. ಅದರ ಕೆಳಗೆ ಒಂದು ಜಾಹೀರಾತಿತ್ತು: 'ಕಿವಿ ಮಂದವೇ? ಪ್ರೀತಿಪಾತ್ರರ ಮಾತು ಮತ್ತೆ ಕೇಳಿ.' ತಮ್ಮ ಯಂತ್ರಕ್ಕೆ ಹಾಸ್ಯಪ್ರಜ್ಞೆ ಇಲ್ಲವೆನ್ನುವವರು ಇದನ್ನು ನೋಡಿಲ್ಲ.

ನಾಲ್ಕನೇ ದೂರಿಗೆ ಅದೇ ಉತ್ತರದ ಜೊತೆ ತಾವು ಒಂದು ಹೆಜ್ಜೆ ಮುಂದೆ ಬಂದಿರಿ. ವಿಡಿಯೊದಲ್ಲಿರುವವರು ನೀವೇ ಎಂಬುದನ್ನು ದೃಢಪಡಿಸಿ ಎಂದಿರಿ. ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು. ಕೆಲಸ ಬಿಟ್ಟು ಬೇಗ ಬಂದು, ಬೆಳಕಿಗೆ ಎದುರಾಗಿ ಕುರ್ಚಿ ಹಾಕಿ ನನ್ನನ್ನು ಕೂರಿಸಿ, ಮೊಬೈಲು ಹಿಡಿದರು. ಪರದೆಯ ಮೇಲೆ ಅಪ್ಪಣೆಗಳು ಬಂದವು. ಮುಖವನ್ನು ಎಡಕ್ಕೆ ತಿರುಗಿಸಿ. ತಿರುಗಿಸಿದೆ. ಬಲಕ್ಕೆ ತಿರುಗಿಸಿ. ತಿರುಗಿಸಿದೆ. ಕಣ್ಣು ಮಿಟುಕಿಸಿ. ಮಿಟುಕಿಸಿದೆ. 'ಈಗ ನಗಿ.'

ಗಂಡ ಮೊಬೈಲಿನ ಮೇಲಿಂದ ನನ್ನನ್ನೇ ನೋಡಿದರು. "ಸುಮ್ನೆ ಹಲ್ಲು ತೋರ್ಸು, ಸಾಕು" ಎಂದರು. ತುಟಿ ಎಳೆದೆ. ಯಂತ್ರಕ್ಕೆ ಒಪ್ಪಿಗೆಯಾಗಲಿಲ್ಲ. 'ಮತ್ತೊಮ್ಮೆ ಪ್ರಯತ್ನಿಸಿ, ನಗಿ.' ಮೂರು ಸಲ ಪ್ರಯತ್ನಿಸಿದೆ. ಮೂರನೆಯದಕ್ಕೆ ಕಣ್ಣಲ್ಲಿ ನೀರು ಬಂತು. 'ನಿಮ್ಮ ಮುಖವು ವಿಡಿಯೊದಲ್ಲಿರುವ ವ್ಯಕ್ತಿಯೊಂದಿಗೆ ಹೊಂದಿಕೆಯಾಗುತ್ತಿಲ್ಲ' ಎಂದು ಬರೆದು ಬಾಗಿಲು ಮುಚ್ಚಿಕೊಂಡಿರಿ. ಇಡೀ ಊರಿಗೆ ಗುರುತು ಸಿಗುವ ನನ್ನ ಮುಖ ತಮಗೊಬ್ಬರಿಗೆ ಮಾತ್ರ ಗುರುತು ಸಿಗಲಿಲ್ಲ.

ನನ್ನವರು ಮೊಬೈಲನ್ನು ಹಾಸಿಗೆಯ ಮೇಲೆ ಎಸೆದು ಹೇಳಿದ್ದನ್ನು ಇಲ್ಲಿ ಹಾಗೇ ಬರೆಯುತ್ತೇನೆ: "ಲಿಫ್ಟಲ್ಲಿ ಸಿಕ್ಕಾಕೊಂಡೋರ್ಗೆ ಒಂದು ಕೆಂಪು ಬಟನ್ ಇರುತ್ತೆ. ಒತ್ತಿದ್ರೆ ನನ್ನಂಥೋನು ಒಬ್ಬ ಬಂದೇ ಬರ್ತಾನೆ. ಇಷ್ಟು ದೊಡ್ಡ ಕಂಪನಿ ಕಟ್ಟಿದ್ದಾರೆ, ಒತ್ತಿದ್ರೆ ಬರೋಕೆ ಒಬ್ಬ ಮನುಷ್ಯನ್ನ ಇಟ್ಟಿಲ್ವಲ್ಲೇ!"

ಇಷ್ಟು ಕಷ್ಟವಿದ್ದರೆ ಬಿಟ್ಟು ಹೊರಗೆ ಹೋಗಬಹುದಲ್ಲ ಎಂದು ತಾವು ಕೇಳಬಹುದು. ಬಹಳ ಜನ ಕೇಳಿದರು. ಹೋದೆ. ಹತ್ತೊಂಬತ್ತು ದಿನ ತಮ್ಮ ಎಲ್ಲ ಅಂಗಡಿಗಳಿಂದಲೂ, ಸಂದೇಶದ ಗುಂಪುಗಳಿಂದಲೂ ಹೊರಗಿದ್ದೆ. ನಮ್ಮ ಆಸ್ಪತ್ರೆಯ ಪಾಳಿಪಟ್ಟಿ ತಮ್ಮಲ್ಲೇ ಬರುತ್ತದೆ, ಎರಡು ದಿನ ತಪ್ಪು ಹೊತ್ತಿಗೆ ಹೋಗಿ ಬೈಸಿಕೊಂಡೆ. ನಮ್ಮ ಕಟ್ಟಡದಲ್ಲಿ ನೀರು ನಿಲ್ಲಿಸುವ ಸುದ್ದಿ ತಮ್ಮಲ್ಲೇ ಬರುತ್ತದೆ, ತಲೆಗೆ ಸೋಪು ಹಚ್ಚಿಕೊಂಡು ನಿಂತೆ. ಇವೆಲ್ಲ ಸಹಿಸಿದೆ. ಹದಿನೆಂಟನೇ ದಿನ ಸೋದರತ್ತೆಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದರು. ಸುದ್ದಿಯನ್ನು ಮನೆಯವರ ಗುಂಪಿನಲ್ಲಿ ಹಾಕಿದರು, ಎಲ್ಲರಿಗೂ ತಿಳಿಯಿತೆಂದುಕೊಂಡರು. ನನಗೆ ತಿಳಿದಾಗ ಅತ್ತೆ ಹೋಗಿ ಒಂದು ಹಗಲು ಕಳೆದಿತ್ತು, ಎಲ್ಲ ಮುಗಿದಿತ್ತು. ಒಬ್ಬ ಹತ್ತಿರದ ಸಂಬಂಧಿಯೇ, "ಅಪ್ಪ ಸತ್ತಾಗ ನಕ್ಕಳು, ಅತ್ತೆ ಸತ್ತಾಗ ಬರ್ಲೇ ಇಲ್ಲ" ಎಂದರಂತೆ. ಇಪ್ಪತ್ತನೇ ದಿನ ತಮ್ಮ ಬಾಗಿಲಿಗೆ ವಾಪಸು ಬಂದೆ. 'ಮರಳಿ ಸ್ವಾಗತ! ನಿಮ್ಮನ್ನು ಎಲ್ಲರೂ ನೆನೆಯುತ್ತಿದ್ದರು' ಎಂದಿರಿ.

ಇನ್ನು ಬುಗುರಿಯ ವಿಷಯ. ಇಪ್ಪತ್ತು ವರ್ಷದ ಹುಡುಗಿ, ತನ್ನಿಂದಲೇ ಹೀಗಾಯಿತೆಂದು ಒದ್ದಾಡಿದಳು. ನನಗೆ ಹೇಳದೆ ಪೂರ್ತಿ ವಿಡಿಯೊವನ್ನು ತನ್ನ ಖಾತೆಯಲ್ಲಿ ಹಾಕಿ, 'ಇವರು ಸೊಸೆಯಲ್ಲ, ಮಗಳು, ದಯವಿಟ್ಟು ಕೊನೆಯವರೆಗೂ ನೋಡಿ' ಎಂದು ಬರೆದಳು. ನೋಡಿದವರು ಇನ್ನೂರ ಹನ್ನೆರಡು ಜನ. ಸುಳ್ಳು ಒಂಬತ್ತು ಸೆಕೆಂಡಿದ್ದರೆ ಅದನ್ನು ಊರೂರಿಗೆ ಹೊತ್ತು ಮೆರೆಸುವ ತಮ್ಮ ಯಂತ್ರ, ನಾಲ್ಕು ನಿಮಿಷದ ಸತ್ಯಕ್ಕೆ ಯಾಕೆ ಮೈ ಭಾರ ಮಾಡಿಕೊಂಡಿತು? ನೋಡಿದ ಇನ್ನೂರ ಹನ್ನೆರಡರಲ್ಲಿ ಕೆಲವರು ಅವಳ ಮೇಲೆಯೇ ತಿರುಗಿಬಿದ್ದರು. ಹೆಣದ ಮುಂದೆ ಮೊಬೈಲು ಹಿಡಿದವಳು ಇವಳೇನಾ ಎಂದರು. ಅವಳ ಕಾಲೇಜಿನ ಹೆಸರು ಹುಡುಕಿದರು. ತರಗತಿಯಲ್ಲಿ ಅವಳು ಒಳಗೆ ಬಂದಾಗ ಹುಡುಗರು ಆ ಕುಣಿತದ ಹಾಡು ಹಾಕತೊಡಗಿದರು. ಅವಳು ಕಾಲೇಜಿಗೆ ಹೋಗುವುದನ್ನು ಬಿಟ್ಟು ಕೋಣೆ ಸೇರಿಕೊಂಡಳು.

ಅಕ್ಕ ಒಂದು ಮಧ್ಯಾಹ್ನ ಫೋನು ಮಾಡಿದಳು. "ನೀನ್ಯಾಕೆ ನಗೋಕೆ ಹೋದೆ?" ಎಂದಳು. ಅದೇ ಅವಳ ಮೊದಲ ಮಾತು.

"ನೀನ್ಯಾಕೆ ಹಾಗೆ ಹೇಳೋಕೆ ಹೋದೆ?" ಎಂದೆ ನಾನು.

"ನಾನು ಅಪ್ಪನ ಹತ್ರ ಮಾತಾಡ್ದೆ ಕಣೆ. ನಿನ್ನ ಹತ್ರ ಅಲ್ಲ."

ಅಷ್ಟು ಹೇಳಿ ಅವಳೇ ಫೋನಿಟ್ಟಳು. ಎರಡು ತಿಂಗಳು ನಾವಿಬ್ಬರೂ ಮಾತಾಡಲಿಲ್ಲ. ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವರು ನಾವು. ಅಪ್ಪನ ಬಗ್ಗೆ ಮಾತಾಡಲು ನನಗಿದ್ದವಳು ಅವಳೊಬ್ಬಳೇ.

ಇಲ್ಲಿ ಒಂದು ತಪ್ಪೊಪ್ಪಿಗೆ ಆಗಬೇಕು, ಇಲ್ಲದಿದ್ದರೆ ಈ ಪತ್ರ ಬರೆಯುವ ಯೋಗ್ಯತೆ ನನಗಿಲ್ಲ. ಹಿಂದಿನ ಕೋಣೆಯಲ್ಲಿ ಒಂದು ದಿನ ಕೆಲಸವಿಲ್ಲದೆ ನನ್ನ ಹಳೆಯ ಮಾತುಕತೆಗಳನ್ನು ನೋಡುತ್ತಾ ಹೋದೆ. ಅದರಲ್ಲಿ ಸ್ಟಿಕರ್ ಆಗಿ ಒಬ್ಬ ಗಂಡಸಿದ್ದ. ಬಸ್ಸು ತಪ್ಪಿಸಿಕೊಂಡು, ಚೀಲ ಕೆಳಗಿಟ್ಟು, ರಸ್ತೆಯ ಬದಿ ಕೂತು ಬಾಯಿಬಿಟ್ಟು ಅಳುವ ದಪ್ಪ ಮನುಷ್ಯ. ಪ್ರತಿ ಸೋಮವಾರ ಕೆಲಸಕ್ಕೆ ಹೊರಡುವಾಗ ಅವನನ್ನು ಅಕ್ಕನಿಗೆ ಕಳಿಸುತ್ತಿದ್ದೆ. ಎಣಿಸಿದೆ, ಅರವತ್ತಮೂರು ಸಲ. ಆ ಬಸ್ಸು ಎಲ್ಲಿಗೆ ಹೋಗುವುದಿತ್ತು? ಅದು ತಪ್ಪಿದ್ದಕ್ಕೆ ಯಾರ ಮುಖ ನೋಡುವುದು ತಪ್ಪಿತು? ಒಂದು ಸಲವೂ ಕೇಳಿಕೊಂಡಿರಲಿಲ್ಲ. ಅವನೂ ತಮಗೆ ದೂರು ಕೊಟ್ಟಿರಬಹುದು. ಅವನಿಗೂ ನಕ್ಷತ್ರ ಕೊಟ್ಟಿದ್ದೀರಾ? ನನ್ನ ಮೊಬೈಲಿನಿಂದ ಅಳಿಸಿದೆ. ಅಕ್ಕನ ಮೊಬೈಲಿನಿಂದ, ಅಕ್ಕ ಕಳಿಸಿದವರ ಮೊಬೈಲಿನಿಂದ ಅಳಿಸುವುದು ನನ್ನ ಕೈಯಲ್ಲಿರಲಿಲ್ಲ. ಸಿಕ್ಕಿಬಿದ್ದವಳು ನಾನು ಎಂದು ಅಳುತ್ತಿದ್ದೆ. ಬಾಗಿಲಿಗೆ ಚಿಲಕ ಹಾಕಿದ ಕೈಗಳಲ್ಲಿ ನನ್ನದೂ ಒಂದು.

ಕಳೆದ ತಿಂಗಳು ಒಂದು ಬೆಳಿಗ್ಗೆ ದೊಡ್ಡ ಡಾಕ್ಟರು ಹಿಂದಿನ ಕೋಣೆಗೆ ಬಂದು, "ನಿಮ್ಮ ಜಾಗದಲ್ಲಿರೋ ಹುಡುಗಿ ರಜೆ. ಒಂದು ಟೆಸ್ಟ್ ಇದೆ, ನೀವೇ ಮಾಡಿ" ಎಂದರು. ಹೊರಗೆ ಬಂದು ನೋಡಿದರೆ ಬೆಂಚಿನ ಮೇಲೆ ಅಕ್ಕ, ಪಕ್ಕದಲ್ಲಿ ಬುಗುರಿ. ಬುಗುರಿಯ ಕಿವಿಯಲ್ಲಿ ಮೂರು ವಾರದಿಂದ ಒಂದೇ ಸಮನೆ ಶಬ್ದವಂತೆ. ಅಕ್ಕ ನನ್ನ ಮುಖ ನೋಡದೆ, "ಬೇರೆಯವ್ರು ಇರ್ತಾರೆ ಅಂದ್ಕೊಂಡಿದ್ದೆ" ಎಂದಳು. ನಾನು ಹುಡುಗಿಯನ್ನು ಒಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಬಾಗಿಲು ಒತ್ತಿದೆ.

ಅವಳ ಕಿವಿಯಲ್ಲಿ ದೋಷವೇನಿರಲಿಲ್ಲ. ಸೂಜಿ ಬಿದ್ದಷ್ಟು ಸಣ್ಣ ಶಬ್ದಕ್ಕೂ ಗುಂಡಿ ಒತ್ತಿದಳು. ಎಷ್ಟು ಸೊರಗಿದ್ದಳೆಂದರೆ ಹೆಡ್‌ಫೋನ್ ತಲೆಯ ಮೇಲೆ ನಿಲ್ಲದೆ ಜಾರುತ್ತಿತ್ತು. ಪರೀಕ್ಷೆ ಮುಗಿದ ಮೇಲೂ ಅವಳು ಏಳಲಿಲ್ಲ. ಒಳಗಿನ ಮೈಕಿನಿಂದ ಅವಳ ದನಿ ನನ್ನ ಮೇಜಿಗೆ ಬಂತು.

"ಚಿಕ್ಕಮ್ಮ, ನೀನೀಗ ನಗೋದೇ ಇಲ್ವಂತೆ."

"ಕೆಲ್ಸದಲ್ಲಿ ನಗಬಾರ್ದು ಕಣೆ."

"ಮನೇಲೂ ನಗಲ್ವಂತೆ. ಚಿಕ್ಕಪ್ಪ ಹೇಳಿದ್ರು." ಅವಳು ಚಿಕ್ಕಪ್ಪ ಎನ್ನುವುದು ನನ್ನ ಗಂಡನಿಗೆ. ಕೈಯಲ್ಲಿದ್ದ ಗುಂಡಿಯನ್ನು ಕೆಳಗಿಟ್ಟು, "ನಾನ್ ಹಿಡ್ಕೊಂಡಿದ್ದ ಮೊಬೈಲು. ನಂಗೆ ಯಾವಾಗ್ಲೂ ತಾತನ ಸಿಳ್ಳೆನೇ ಕೇಳ್ಸುತ್ತೆ ಕಣೆ ಚಿಕ್ಕಮ್ಮ" ಎಂದಳು.

ನಾನು ಎದ್ದು ಹೋಗಿ ಅಕ್ಕನ ರಟ್ಟೆ ಹಿಡಿದು ಎಳೆದುಕೊಂಡು ಒಳಗೆ ಬಂದು ಬಾಗಿಲು ಹಾಕಿದೆ. ಒಬ್ಬರು ಕೂರುವ ಕೋಣೆ ಅದು, ಮೂವರು ಮೊಣಕಾಲಿಗೆ ಮೊಣಕಾಲು ತಾಗಿಸಿ ನಿಂತೆವು. "ಪೂರ್ತಿ ಹಾಕು" ಎಂದೆ. ಬುಗುರಿ ತನ್ನ ಮೊಬೈಲಿನಲ್ಲಿ ನಾಲ್ಕು ನಿಮಿಷ ಹನ್ನೆರಡು ಸೆಕೆಂಡನ್ನೂ ಹಾಕಿದಳು. ಅಪ್ಪ ಹೋದ ಮೇಲೆ ನಾನು ಅದನ್ನು ಪೂರ್ತಿ ನೋಡಿದ್ದು ಅದೇ ಮೊದಲು. ಸಿಳ್ಳೆ ಬಂತು. ಅಕ್ಕನ ಮಾತು ಬಂತು. "ಮಾಡ್ತಾನೇನೇ ಇವ್ನು?" ಎಂದು ಈಗ ತಾನೂ ಇಲ್ಲದ ಅತ್ತೆಯ ದನಿ ಬಂತು. ಮೊದಲು ಅಕ್ಕ ನಕ್ಕಳು, ಮೂಗಿನಲ್ಲಿ, ತಡೆಯಲು ನೋಡುತ್ತಾ. ಆಮೇಲೆ ಬುಗುರಿ. ಆಮೇಲೆ ನಾನು. ಆರು ತಿಂಗಳ ಮೇಲೆ, ಮೂವರೂ ಒಬ್ಬರ ಹೆಗಲ ಮೇಲೆ ಒಬ್ಬರು ಬಿದ್ದು ನಕ್ಕೆವು. ಹೊರಗೆ ಒಂದಿಷ್ಟೂ ಶಬ್ದ ಹೋಗದ ಕೋಣೆ.

ಆ ನಗು ಮುಗಿಯುವ ಮೊದಲೇ ನಾನು ಏನು ಮಾಡಿದೆ ಗೊತ್ತೇ, ಅಧಿಕಾರಿಗಳೇ? ಬಾಯಿ ಮುಚ್ಚಿಕೊಂಡು, ಗಾಜಿನಾಚೆ ಯಾರಾದರೂ ಮೊಬೈಲು ಎತ್ತಿ ಹಿಡಿದಿದ್ದಾರೆಯೇ ಎಂದು ನೋಡಿದೆ. ಮುಂದಿನ ಸರದಿಯ ಅಜ್ಜಿಯೊಬ್ಬರು ಬೆಂಚಿನ ಮೇಲೆ ಬರಿಗೈಯಲ್ಲಿ ಕೂತು ನಮ್ಮನ್ನೇ ನೋಡುತ್ತಿದ್ದರು, ಅಷ್ಟೇ. ಪಕ್ಕಕ್ಕೆ ತಿರುಗಿದರೆ ಅಕ್ಕ, ಬುಗುರಿ ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ಅದೇ ಗಾಜನ್ನು ನೋಡುತ್ತಿದ್ದರು. ಒಂದು ಮನೆಯ ಮೂವರು ಹೆಂಗಸರು ನಗಬೇಕಾದರೆ ಗೇಣು ದಪ್ಪದ ಬಾಗಿಲು ಬೇಕು, ಆಗಲೂ ಕಾವಲು ಬೇಕು. ತಮ್ಮ ಸಮುದಾಯದ ಯಾವ ಮಾನದಂಡದಲ್ಲಿ ಇದು ಉಲ್ಲಂಘನೆಯಲ್ಲ, ದಯವಿಟ್ಟು ಪುಟ ಸಂಖ್ಯೆ ಸಹಿತ ತಿಳಿಸಿ.

ನಾನೀಗ ಮತ್ತೆ ಗಾಜಿನ ಮುಂದೆ ಕೂರುತ್ತಿದ್ದೇನೆ. ಅಕ್ಕ ದಿನಾ ಫೋನು ಮಾಡುತ್ತಾಳೆ. ಬುಗುರಿ ಇನ್ನೂ ಕಾಲೇಜಿಗೆ ಹೋಗುತ್ತಿಲ್ಲ, ಶಬ್ದ ಕಮ್ಮಿಯಾಗಿದೆ, ನಿಂತಿಲ್ಲ ಎನ್ನುತ್ತಾಳೆ. ವಿಡಿಯೊ ಹಾಗೆಯೇ ಇದೆ. ಅದರ ಮರಿಗಳು ಎಷ್ಟು ಮನೆಯಲ್ಲಿವೆಯೋ, ಅವನ್ನೆಲ್ಲ ಹಿಡಿದು ತನ್ನಿ ಎನ್ನುವಷ್ಟು ದಡ್ಡಿ ನಾನಲ್ಲ. ತಮ್ಮ ಅಂಗಳದಲ್ಲಿರುವುದನ್ನು ತಾವು ತೆಗೆಯಿರಿ. ಅದಕ್ಕೂ ಮೊದಲು, ಎರಡು ಕಣ್ಣು, ಎರಡು ಕಿವಿ ಇರುವ ಒಬ್ಬರು ಕೂತು ನಾಲ್ಕು ನಿಮಿಷ ಹನ್ನೆರಡು ಸೆಕೆಂಡನ್ನೂ ನೋಡಬೇಕು. ಅದು ತಾವೇ ಆಗಿರಬೇಕು. ನೋಡಿ ಮುಗಿಸಿದ ಮೇಲೂ ಉಲ್ಲಂಘನೆಯಿಲ್ಲ ಎನಿಸಿದರೆ, ಆ ಮಾತನ್ನು ನಕ್ಷತ್ರವಿಲ್ಲದೆ, ತಮ್ಮ ಸಹಿ ಹಾಕಿ, ನನಗೆ ಬರೆದು ತಿಳಿಸಬೇಕು.

ತಮ್ಮ ಕಚೇರಿಗೆ ಬಾಗಿಲಿದ್ದರೆ ಅದರ ವಿಳಾಸ ಕೊಡಿ. ಮುಂದಿನ ಗುರುವಾರ ನನಗೆ ರಜೆಯಿದೆ. ಮೂವರೂ ಬರುತ್ತೇವೆ. ಕುರ್ಚಿ ಒಂದೇ ಇದ್ದರೂ ಪರವಾಗಿಲ್ಲ, ಇಕ್ಕಟ್ಟಿನಲ್ಲಿ ನಿಲ್ಲುವುದು ನಮಗೆ ಅಭ್ಯಾಸವಾಗಿದೆ. ನಮ್ಮನ್ನು ನೋಡಿ ನಗಿ ಎಂದು ಮಾತ್ರ ಹೇಳಬೇಡಿ.

ಇಂತಿ, ತಮ್ಮ ವಿಧೇಯಳಾಗಲ್ಲದೆ, ತಮ್ಮಿಂದ ಬಿಡಿಸಿಕೊಳ್ಳಲಾಗದೆ ಉಳಿದಿರುವ,
ಒಬ್ಬ ಕಿವಿ ಪರೀಕ್ಷಕಿ
(ಮೃತರ ಕಿರಿಯ ಮಗಳು, ತಮ್ಮ ಕಡತದಲ್ಲಿ ಸೊಸೆ)